ಹೆಸರು ಕೋಣ, ಬಳಗ ಹಸು

ಸಿದ್ದಾಪುರ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿ, ಅಡಿಕೆ ತೋಟದಲ್ಲೇ ಎಪ್ಪತ್ತು ವರ್ಷ ದಾಟಿಸಿದ ನಾನು ಕಾಡುಕೋಣವನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎಂದರೆ ನಂಬುತ್ತೀರಾ? ಅದರ ಹೆಜ್ಜೆ ನೋಡಿದ್ದೆ, ಸಗಣಿ ನೋಡಿದ್ದೆ, ರಾತ್ರಿ ಟಾರ್ಚ್ ಬೆಳಕಿಗೆ ಹೊಳೆಯುವ ಎರಡು ಕಣ್ಣು ನೋಡಿದ್ದೆ. ಬೆಳಿಗ್ಗೆ ಎದ್ದು ಅದು ಮಾಡಿಹೋದ ಹಾಳನ್ನಂತೂ ಬೇಕಾದಷ್ಟು ನೋಡಿದ್ದೆ. ಹಗಲು ಬೆಳಕಿನಲ್ಲಿ, ಇಡಿಯಾಗಿ, ಹತ್ತಿರದಿಂದ ನೋಡಿದ್ದು ಮಾತ್ರ ಹೋದ ಏಪ್ರಿಲ್ ರಜೆಯಲ್ಲಿ. ತೋರಿಸಿದವಳು ಆರನೇ ಕ್ಲಾಸಿನ ನನ್ನ ಮೊಮ್ಮಗಳು.

ಬೆಂಗಳೂರಿನಿಂದ ಬಂದವಳೇ, "ಅಜ್ಜ, ಬೈಸನ್ ನೋಡೋಕೆ ಸಫಾರಿಗೆ ಹೋಗೋಣ" ಎಂದು ಹಟ ಹಿಡಿದಳು. ನನಗೆ ನಗು ಬಂತು. "ಅದಕ್ಕೆ ದುಡ್ಡು ಕೊಡಬೇಕನೇ ಕೂಸೇ? ಮಳೆಗಾಲದಲ್ಲಿ ಬಾ, ನಮ್ಮ ತೋಟಕ್ಕೇ ಬರ್ತು" ಎಂದೆ.

ನಗುವಿನ ಹಿಂದೆ ಸಿಟ್ಟಿತ್ತು. ಹಿಂದಿನ ಮಳೆಗಾಲದಲ್ಲಿ ಒಂದೇ ರಾತ್ರಿ 40 ಅಡಿಕೆ ಸಸಿ ತುಳಿದು, ಬಾಳೆ ತಿಂದು ಹೋಗಿದ್ದವು. ಪೇಟೆಯಲ್ಲಿ ಸಿಕ್ಕ ಪರಿಚಯದವರೊಬ್ಬರು, "ಬೇಲಿ ತಂತಿಗೆ ಲೈನಿನ ಕರೆಂಟು ಕೊಟ್ಟುಬಿಡಿ, ಮತ್ತೆ ಈ ಕಡೆ ತಲೆ ಹಾಕೋದಿಲ್ಲ" ಎಂದಿದ್ದರು. ಮಾಡಬಾರದ್ದು ಎಂದು ಗೊತ್ತಿದ್ದರೂ ಒಂದು ಸುರುಳಿ ತಂತಿ ತಂದು ಅಟ್ಟದ ಮೇಲೆ ಇಟ್ಟಿದ್ದೆ. ಅದು ಏಕೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಂತೂ ನಾನು, ಅವಳ ಅಮ್ಮಮ್ಮ, ಅವಳು, ಮೂವರೂ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಶಿರಸಿ ದಾಟಿ ಯಲ್ಲಾಪುರದ ದಾರಿಯಲ್ಲಿ ಸ್ವಲ್ಪ ಒಳಗೆ ಹೋದರೆ ಸಹಸ್ರಲಿಂಗ. ಬೇಸಿಗೆಯಲ್ಲಿ ಶಾಲ್ಮಲಾ ನದಿಯ ನೀರು ಇಳಿದಾಗ ಬಂಡೆಗಳ ಮೇಲೆ ಸೋದೆ ಅರಸರ ಕಾಲದ ಲಿಂಗಗಳು ಕಾಣುತ್ತವೆ, ಎದುರಿಗೆ ಪುಟ್ಟ ಪುಟ್ಟ ಬಸವಣ್ಣಗಳು. ಮೊಮ್ಮಗಳು ಒಂದು ಬಸವನ ಬೆನ್ನು ಸವರಿ, "ಬೈಸನ್ ಹೀಗೇ ಇರುತ್ತಾ ಅಜ್ಜ?" ಎಂದಳು. ಅಮ್ಮಮ್ಮ, "ಶಿವ ಶಿವಾ, ಇದು ಬಸವಣ್ಣ, ಅದು ಕೋಣ. ಎಲ್ಲಿಂದೆಲ್ಲಿಗೆ!" ಎಂದು ಬಾಯಿ ಮುಚ್ಚಿಸಿದಳು.

ಮಂಚಿಕೇರಿ ಹಾದು, ಯಲ್ಲಾಪುರದಲ್ಲಿ ಊಟ ಮುಗಿಸಿ ದಾಂಡೇಲಿಯ ಕಡೆ ತಿರುಗಿದೆವು. ತೋಟ, ಬೆಟ್ಟಗಳ ನಮ್ಮ ಸೀಮೆ ಹಿಂದುಳಿದು ಸಾಗವಾನಿ, ಬಿದಿರಿನ ಕಾಡು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕುಳಗಿ ಮುಟ್ಟಿದೆವು. ಇದೆಲ್ಲ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ಅಭಯಾರಣ್ಯವಾದದ್ದು 1956ರಲ್ಲಿ. ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ ಆಯಿತು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ನದಿಯ ಹೆಸರು ಬಂತು. ಹುಲಿಯ ಹೆಸರಿನ ಕಾಡಾದರೂ ಬಂದವರಿಗೆ ಹುಲಿ ಕಾಣುವುದು ಅಪರೂಪ. ಕಾಡುಕೋಣ ಕಾಣುವ ಸಂಭವ ಅದಕ್ಕಿಂತ ಎಷ್ಟೋ ಹೆಚ್ಚು.

ಸಂಜೆಯ ಸಫಾರಿ. ತೆರೆದ ಜೀಪು. ನಮ್ಮ ಗೈಡ್ ಅಲ್ಲೇ ಹತ್ತಿರದ ಹಳ್ಳಿಯ ಯುವಕ. ಹತ್ತುವ ಮೊದಲೇ ನಿಯಮ ಹೇಳಿದ: ಕೆಳಗೆ ಇಳಿಯಬಾರದು, ಎದ್ದು ನಿಲ್ಲಬಾರದು, ಕೂಗಬಾರದು, ತಿಂಡಿ ಎಸೆಯಬಾರದು. "ಅವುಕ್ಕೆ ಮೂಗು ಬಹಳ ಚುರುಕು. ನಾವು ನೋಡೋ ಮೊದಲೇ ಅವು ನಮ್ಮ ವಾಸನೆ ಹಿಡಿದಿರ್ತಾವೆ" ಎಂದ.

ಮೊದಲು ಸಿಕ್ಕಿದ್ದು ಜಿಂಕೆ. ಆಮೇಲೆ ಮರದಿಂದ ಮರಕ್ಕೆ ಹಾರಿದ ದೊಡ್ಡ ಕೆಂದಳಿಲು. ಅರ್ಧ ಗಂಟೆ ಏನೂ ಇಲ್ಲ. ಮೊಮ್ಮಗಳ ಮುಖ ಸಣ್ಣದಾಗುತ್ತಿದ್ದಾಗ ಜೀಪು ಒಂದು ತಿರುವಿನಲ್ಲಿ ನಿಂತಿತು. ಗೈಡ್ ಮಾತಾಡದೆ ಬೆರಳು ತೋರಿಸಿದ.

ಕೆರೆಯ ದಡದಲ್ಲಿ ಹನ್ನೊಂದು ಇದ್ದವು. ಹತ್ತಿರದ್ದು ನಮ್ಮಿಂದ ಮೂವತ್ತು ಮಾರು ಇದ್ದೀತು.

ಕಪ್ಪು ಎಂದುಕೊಂಡಿದ್ದೆ. ಹೆಣ್ಣುಗಳದು ಕಂದು ಬಣ್ಣ. ಗಂಡು ಮಾತ್ರ ಎಣ್ಣೆ ಸವರಿದ ಹಾಗೆ ಮಿರಿಮಿರಿ ಕಪ್ಪು. ನಾಲ್ಕೂ ಕಾಲಿಗೆ ಬಿಳಿಯ ಕಾಲುಚೀಲ. ಹಣೆಯ ಮೇಲೆ ಬೂದಿ ಬಳಿದ ಹಾಗಿನ ಉಬ್ಬು, ತುದಿ ಕಪ್ಪಾದ ಹಳದಿ ಕೋಡು, ಬೆನ್ನ ಮೇಲೆ ಎತ್ತರದ ದಿಂಡು. ದೊಡ್ಡ ಗಂಡು ಹೆಗಲ ಹತ್ತಿರ ಸುಮಾರು 6 ಅಡಿ ಎತ್ತರ ಬೆಳೆಯುತ್ತದೆ, 1,000 ಕಿಲೋ ತೂಗುವುದೂ ಉಂಟು. ನಮ್ಮ ಲೆಕ್ಕದಲ್ಲಿ ಹತ್ತು ಕ್ವಿಂಟಲ್ ಅಡಿಕೆ! ಹಿಂಡಿನ ನಡುವೆ ಒಂದು ಕರು, ಜೇನಿನ ಬಣ್ಣದ್ದು, ತಾಯಿಯ ಹೊಟ್ಟೆಯ ಕೆಳಗೆ ತಲೆ ಹಾಕಿ ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು. ನಮ್ಮ ಕೊಟ್ಟಿಗೆಯ ಕರು ಗುದ್ದುವ ಹಾಗೆಯೇ.

"ಅಮ್ಮಮ್ಮ, ನೋಡು, ನಮ್ಮ ಗೌರಿ ಕರು!" ಮೊಮ್ಮಗಳು ಪಿಸುಗುಟ್ಟಿದಳು.

"ಸರಿಯಾಗೇ ಹೇಳಿದೆ ಪುಟ್ಟಿ" ಎಂದ ಗೈಡ್, ದನಿ ತಗ್ಗಿಸಿ. "ಕೋಣ ಅಂತೀವಿ, ಆದರೆ ಎಮ್ಮೆ ಬಳಗ ಅಲ್ಲ ಇದು. ಹಸುವಿನ ಬಳಗ. ಇಂಗ್ಲಿಷಿನವರು ಬೈಸನ್ ಅಂದಿದ್ದೂ ತಪ್ಪೇ. ನಿಜವಾದ ಬೈಸನ್ ಇರೋದು ಅಮೆರಿಕ, ಯುರೋಪಿನಲ್ಲಿ. ಇದು ಗೌರ್." ಚಿಕ್ಕಮಗಳೂರು, ಕೊಡಗಿನ ಕಡೆ ಕಾಟಿ ಎನ್ನುವುದೂ, ಪಕ್ಕದ ಗೋವಾ ತನ್ನ ರಾಜ್ಯಪ್ರಾಣಿ ಮಾಡಿಕೊಂಡಿರುವುದೂ ಇದನ್ನೇ. ಅರುಣಾಚಲ, ನಾಗಾಲ್ಯಾಂಡ್ ಕಡೆಯ ಜನ ಸಾಕುವ ಮಿಥುನ್ ಇದರದೇ ನಂಟು. ಸಹಸ್ರಲಿಂಗದಲ್ಲಿ ಮೊಮ್ಮಗಳು ಕೇಳಿದ ಪ್ರಶ್ನೆ ನೆನಪಾಗಿ ನಾನು ಅಮ್ಮಮ್ಮನ ಮುಖ ನೋಡಿದೆ. ಅವಳು ಕರುವನ್ನೇ ನೋಡುತ್ತಿದ್ದಳು.

"ನೆಂಟಸ್ತಿಕೆ ಇದ್ದಲ್ಲಿ ರೋಗವೂ ಹಂಚಿಕೆ" ಎಂದ ಗೈಡ್. 1968ರಲ್ಲಿ ಬಂಡೀಪುರ, ಮುದುಮಲೆ ಕಾಡಿನಲ್ಲಿ ದೊಡ್ಡರೋಗ ಬಂದು ಕಾಡುಕೋಣಗಳು ಸಾಲುಸಾಲಾಗಿ ಸತ್ತವು. ದೊಡ್ಡರೋಗ ಎಂದೊಡನೆ ನನ್ನ ಎದೆ ಧಸಕ್ಕೆಂದಿತು. ಚಿಕ್ಕಂದಿನಲ್ಲಿ ನಮ್ಮ ಕೊಟ್ಟಿಗೆಯನ್ನೂ ಅದು ಖಾಲಿ ಮಾಡಿತ್ತು. ಅಪ್ಪಯ್ಯ ಮೂರು ದಿನ ಊಟ ಮಾಡಿರಲಿಲ್ಲ. ಲಸಿಕೆಯಿಂದಾಗಿ ಆ ರೋಗ 2011ರಲ್ಲಿ ಇಡೀ ಜಗತ್ತಿನಿಂದಲೇ ತೊಲಗಿತು.

ಅಷ್ಟರಲ್ಲಿ ಹಿಂದೆ ಬಂದ ಇನ್ನೊಂದು ಜೀಪಿನಲ್ಲಿ ಯಾರೋ ಫೋಟೋಕ್ಕೆಂದು ಎದ್ದು ನಿಂತು ಶಿಳ್ಳೆ ಹಾಕಿದರು. ಹನ್ನೊಂದೂ ತಲೆ ಒಟ್ಟಿಗೆ ಎದ್ದವು. ಮೂಗಿನಿಂದ 'ಫೂಸ್' ಎಂದು ಉಸಿರು ಬಿಟ್ಟ ಒಂದು ಮುದಿ ಹೆಣ್ಣು ಎರಡು ಹೆಜ್ಜೆ ಮುಂದೆ ಬಂದು, ನಮ್ಮ ಮತ್ತು ಕರುವಿನ ನಡುವೆ ನಿಂತಿತು. ಗಂಡು ನಿಧಾನ ತಿರುಗಿ ಇಡೀ ಮೈಯನ್ನು ಅಡ್ಡಲಾಗಿ ತೋರಿಸಿತು. "ನಾನೆಷ್ಟು ದೊಡ್ಡವನು, ನೋಡಿಕೋ ಅಂತ ಹೇಳೋದು ಅದು. ಜಗಳ ಬೇಡ ಅಂತ್ಲೇ ಹಾಗೆ ಮಾಡೋದು" ಎಂದ ಗೈಡ್. ಯಾರೂ ಉಸಿರೆತ್ತಲಿಲ್ಲ. ಮೊಮ್ಮಗಳ ಕೈ ನನ್ನ ಕೈಯೊಳಗೆ ತಣ್ಣಗಾಗಿತ್ತು. ಸ್ವಲ್ಪ ಹೊತ್ತಿಗೆ ಮುದಿ ಹೆಣ್ಣು ತಿರುಗಿತು. ಹಿಂಡೆಲ್ಲ ಅದರ ಹಿಂದೆ ಸದ್ದಿಲ್ಲದೆ ಬಿದಿರಿನೊಳಗೆ ಸೇರಿಹೋಯಿತು. ಅಷ್ಟು ದೊಡ್ಡ ದೇಹ, ಒಂದು ಕಡ್ಡಿ ಮುರಿದ ಸದ್ದಿಲ್ಲ!

ವಾಪಸು ಬರುವಾಗ ಮೊಮ್ಮಗಳು ಕೇಳಿಯೇ ಬಿಟ್ಟಳು: "ಅಣ್ಣ, ನಮ್ಮಜ್ಜನ ತೋಟಕ್ಕೂ ಬರುತ್ತೆ. ಬರದೇ ಇರೋ ಹಾಗೆ ಏನು ಮಾಡಬೇಕು?"

ನಾನು ಹೊರಗೆ ನೋಡಿದೆ.

"ಅವೂ ಸುಮ್ಮನೆ ಬರೋದಿಲ್ಲ ಪುಟ್ಟಿ. ಬಿದಿರು ಹೂ ಬಿಟ್ಟು ಸಾಯ್ತದೆ, ಬೇಸಿಗೆಯಲ್ಲಿ ಹಳ್ಳ ಒಣಗ್ತದೆ, ಹುಲ್ಲಿದ್ದ ಜಾಗದಲ್ಲಿ ಕಳೆಗಿಡ, ಅಕೇಶಿಯಾ" ಎಂದವನು ನನ್ನ ಕಡೆ ತಿರುಗಿದ. "ಹೆಗಡೇರೇ, ಸೋಲಾರ್ ಬೇಲಿ ಒಂದು ಕ್ಷಣ ಜುಮ್ಮೆನಿಸಿ ಓಡಿಸ್ತದೆ, ಕೊಲ್ಲೋದಿಲ್ಲ. ಲೈನಿನ ಕರೆಂಟು ಮಾತ್ರ ಕೊಡಬೇಡಿ. ಕತ್ತಲಲ್ಲಿ ಮುಟ್ಟಿದ ದನ, ಮನುಷ್ಯ ಯಾರೂ ಉಳಿಯೋದಿಲ್ಲ." 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ, ಆನೆ ಇರುವ ಮೊದಲ ಪಟ್ಟಿಯಲ್ಲೇ ಕಾಡುಕೋಣವೂ ಇದೆ, ಕೊಂದರೆ ಜೈಲು ಎಂದೂ ಹೇಳಿದ. ಜೈಲಿನ ಮಾತು ನನಗೆ ಅಷ್ಟು ತಾಗಲಿಲ್ಲ. ಮುದಿ ಹೆಣ್ಣು ಮುಂದೆ ಬಂದು ನಿಂತದ್ದು ಕಣ್ಣಿಗೆ ಕಟ್ಟಿತ್ತು.

ಮನೆಗೆ ಬಂದ ಮರುದಿನ ಅಟ್ಟದಿಂದ ತಂತಿ ಇಳಿಸಿದೆ. "ಇದೆಂಥದ್ದು?" ಎಂದಳು ಅಮ್ಮಮ್ಮ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಸಂಜೆ ಅಂಗಳದ ಎರಡು ಕಂಬಕ್ಕೆ ಅದನ್ನೇ ಕಟ್ಟಿ ಬಟ್ಟೆ ಒಣಗಿಸಿದ್ದಳು.

ಮಳೆಗೆ ಮೊದಲು ತೋಟದ ಸುತ್ತಿನ ಹಳೆಯ ಅಗಳದ ಹೂಳು ತೆಗೆಸಿ ಆಳ ಮಾಡಿಸಿದೆ. ನೆರೆಯ ಇಬ್ಬರ ಜೊತೆ ಸೇರಿ ಸೋಲಾರ್ ಬೇಲಿಗೆ ದುಡ್ಡು ಕೂಡಿಸುತ್ತಿದ್ದೇವೆ. ಬೆಳೆಹಾನಿಯ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದನ್ನೂ ಕಲಿತೆ. ಕಾಟ ಪೂರ್ತಿ ತಪ್ಪಿತು ಎನ್ನಲಾರೆ. ಅಗಳ ಕುಸಿದ ಕಡೆಯಿಂದ ನುಗ್ಗಿ ಮತ್ತೆ ನಾಲ್ಕು ಬಾಳೆ ತಿಂದಿವೆ.

ಹೋದ ವಾರ ಮೊಮ್ಮಗಳ ಫೋನ್. "ಅಜ್ಜ, ಬಂದಿದ್ವಾ?"

"ಬಂದಿದ್ದ ಕೂಸೇ. ಈ ಸಲ ಅಗಳದ ಆಚೆಯಿಂದಲೇ ತಿರುಗಿ ಹೋಜ. ಹೆಜ್ಜೆ ಇದ್ದು."

"ಕರು ಇತ್ತಾ?"

ನಾನು ಬೆಳಿಗ್ಗೆ ಅದನ್ನೇ ಹುಡುಕಿದ್ದೆ. "ಹ್ಞಾಂ, ದೊಡ್ಡ ಹೆಜ್ಜೆ ಪಕ್ಕ ಒಂದು ಸಣ್ಣದೂ ಇದ್ದು" ಎಂದೆ.