ಮುಚ್ಚಿಟ್ಟ ಎಣ್ಣೆ

ನಮ್ಮ ಅಣ್ಣನಿಗೆ ಗಾಂಜಾ ಎಣ್ಣೆ ತರಿಸಿ ಕೊಟ್ಟವನು ನಾನೇ. ಬನಹಟ್ಟಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಓಣಿಯಲ್ಲಿ ಯಾರ ರಕ್ತಪರೀಕ್ಷೆಯ ರಿಪೋರ್ಟು ಬಂದರೂ ಮೊದಲು ನನ್ನ ಕೈಗೆ ಬರುತ್ತಿತ್ತು. ಮುಧೋಳ, ಬೀಳಗಿಯ ಬೀಗರು ಕೂಡ ದವಾಖಾನೆಗೆ ಹೋಗುವ ಮುಂಚೆ ಫೋನು ಮಾಡಿ ಕೇಳುತ್ತಿದ್ದರು. ಅಣ್ಣನೂ ಹಾಗೇ ನಂಬಿದ. ಈಗ ಅವನಿಲ್ಲ. ಎಣ್ಣೆಯಿಂದಲೇ ಸತ್ತ ಎಂದು ನಾನು ಹೇಳಲಾರೆ, ಅದಕ್ಕೆ ಆಧಾರವಿಲ್ಲ. ಗೊತ್ತಾಗುವ ಹೊತ್ತಿಗೇ ಅವನ ರೋಗ ಬಹಳ ಮುಂದೆ ಹೋಗಿತ್ತು. ಆದರೆ ಕಡೆಯ ದಿನಗಳನ್ನು ಅವನು ನಡೆಯಲಾರದೆ, ಹಾಸಿಗೆಯಲ್ಲೇ ಕಳೆಯಬೇಕಾದದ್ದಕ್ಕೆ ನಾನು ಕಾರಣ. ಇನ್ನೊಂದು ಮನೆಯಲ್ಲಿ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಣ್ಣ ಜಮಖಂಡಿ ತಾಲೂಕಿನ ಕೃಷ್ಣಾ ಹೊಳೆದಂಡೆಯ ಹಳ್ಳಿಯಲ್ಲಿ ಕಬ್ಬು ಬೆಳೆಯುತ್ತಿದ್ದ. ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗಿಬರುವುದು, ಹೋದರೂ ಹನಿಹನಿಯಾಗಿ ಬರುವುದು ಶುರುವಾಗಿ ವರ್ಷ ದಾಟಿತ್ತು. 'ವಯಸ್ಸಾತು' ಎಂದು ಅವನೂ ಬಿಟ್ಟ, ನಾವೂ ಬಿಟ್ಟೆವು. ಸೊಂಟನೋವು ಬಂದಾಗ ಹಂಗಾಮಿನಲ್ಲಿ ಕಬ್ಬಿನ ಹೊರೆ ಎತ್ತಿದ್ದರ ಫಲ ಎಂದುಕೊಂಡೆವು. ಮುಲಾಮು ತಿಕ್ಕಿ ತಿಕ್ಕಿ ಸಾಕಾದ ಮೇಲೆ ರಕ್ತಪರೀಕ್ಷೆ ಮಾಡಿಸಿದೆವು. ಪ್ರಾಸ್ಟೇಟ್ ಗ್ರಂಥಿಯ ತೊಂದರೆಯನ್ನು ರಕ್ತದಲ್ಲಿ ತೋರಿಸುವ, ಸಾಮಾನ್ಯವಾಗಿ ನಾಲ್ಕರ ಒಳಗಿರಬೇಕು ಎನ್ನುವ ಪಿಎಸ್‌ಎ ನೂರು ದಾಟಿತ್ತು. ಬಯಾಪ್ಸಿ, ಸ್ಕ್ಯಾನು ಎಲ್ಲ ಮುಗಿದಾಗ ತಿಳಿದದ್ದಿಷ್ಟು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಬೆನ್ನೆಲುಬಿಗೂ ಸೊಂಟದ ಎಲುಬಿಗೂ ಹಬ್ಬಿದೆ.

ಇಷ್ಟು ಹಬ್ಬಿದ ಮೇಲೂ ಈ ರೋಗಕ್ಕೆ ಒಂದು ಒಳ್ಳೆಯ ಅಸ್ತ್ರವಿದೆ. ಪ್ರಾಸ್ಟೇಟ್ ಕ್ಯಾನ್ಸರು ಬೆಳೆಯುವುದು ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರೋನಿನ ಬಲದ ಮೇಲೆ. ಆ ಬಲ ಕಡಿದರೆ ರೋಗ ಕುಗ್ಗುತ್ತದೆ ಎಂದು 1941ರಲ್ಲಿ ಶಿಕಾಗೊದ ಚಾರ್ಲ್ಸ್ ಹಗ್ಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ತೋರಿಸಿದರು. ಹಗ್ಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಇವತ್ತಿಗೂ ಚಿಕಿತ್ಸೆಯ ಬುನಾದಿ ಅದೇ. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಸಣ್ಣ ಆಪರೇಶನ್ನಿನಲ್ಲಿ ವೃಷಣ ತೆಗೆಯುವುದು: ಒಮ್ಮೆ ಮಾಡಿದರೆ ಮುಗಿಯಿತು, ಖರ್ಚೂ ಕಡಿಮೆ. ಇನ್ನೊಂದು, ಮೂರು ತಿಂಗಳಿಗೊಮ್ಮೆ ತಪ್ಪದೆ ಇಂಜೆಕ್ಷನ್. ಅಣ್ಣ ನನ್ನ ಕಡೆ ತಿರುಗಿ, "ಏನಪಾ ತಮ್ಮಾ, ಹೋರಿ ಬೀಜಾ ಒಡಿಸಿದಂಗ ನನಗೂ ಮಾಡಸ್ತಿಯೇನ?" ಎಂದ. ಅದಕ್ಕೆ ಎದುರು ಮಾತಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇಂಜೆಕ್ಷನ್ ಎಂದು ತೀರ್ಮಾನವಾಯಿತು.

ಇಂಜೆಕ್ಷನ್ ಶುರುವಾದ ತಿಂಗಳಲ್ಲೇ ಎಣ್ಣೆಯ ಮಾತೂ ಮನೆಗೆ ಬಂತು. ಇಚಲಕರಂಜಿಯಲ್ಲಿ ಪವರ್‌ಲೂಮು ನಡೆಸುವ ನಮ್ಮ ಸಂಬಂಧಿಕರೊಬ್ಬರು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಕೆನಡಾದ ರಿಕ್ ಸಿಂಪ್ಸನ್ ಎಂಬಾತ ಗಾಂಜಾದ ಹೂವಿನಿಂದ ಕಪ್ಪು ಎಣ್ಣೆ ತೆಗೆದು, 2003ರಲ್ಲಿ ತನ್ನ ಚರ್ಮದ ಕ್ಯಾನ್ಸರನ್ನು ಅದರಿಂದಲೇ ವಾಸಿ ಮಾಡಿಕೊಂಡೆ ಎನ್ನುತ್ತಾನೆ. ಮೂರು ತಿಂಗಳಲ್ಲಿ ಅರವತ್ತು ಗ್ರಾಂ ಕುಡಿದರೆ ಯಾವ ಕ್ಯಾನ್ಸರಾದರೂ ಹೋಗುತ್ತದೆ ಎಂಬುದು ಅವನ ಮಾತು. ಆ ಹೇಳಿಕೆಯ ಹಿಂದೆ ಯಾವ ವೈದ್ಯಕೀಯ ಪ್ರಯೋಗವೂ ಇಲ್ಲ.

ಗಾಂಜಾ ಎಂದರೆ ಬೆಚ್ಚಿಬೀಳುವ ಸೀಮೆಯೂ ನಮ್ಮದಲ್ಲ. ಮಠದ ಕಟ್ಟೆಯ ಮೇಲೆ ಚಿಲುಮೆ ಸೇದುವ ಸಾಧುಗಳನ್ನು ನೋಡುತ್ತಲೇ ಬೆಳೆದವರು ನಾವು. ಇದೇ ಕೃಷ್ಣೆಯ ದಂಡೆಗುಂಟ ಕೆಳಗೆ ಹೋದರೆ ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವೆಂದೇ ಹಂಚಿಕೆಯಾಗುತ್ತದೆ. ಆಯುರ್ವೇದದವರು ಅದನ್ನು ವಿಜಯಾ ಎಂದು ಕರೆದು ಔಷಧದಲ್ಲಿ ಬಳಸುತ್ತಾರೆ. ದೇವರಿಗೂ ಸಲ್ಲುವ, ಔಷಧಕ್ಕೂ ಸಲ್ಲುವ ವಸ್ತುವಿನಿಂದ ಕೇಡೇನು, ರೋಗ ಹೋಗದಿದ್ದರೂ ನೋವಾದರೂ ಇಳಿದೀತು ಎಂದುಕೊಂಡೆ. ಅದೇ ಆಯುರ್ವೇದದ ಔಷಧಗಳಲ್ಲಿ ಬೀಜ ಬಿಟ್ಟು ಉಳಿದ ಗಾಂಜಾವನ್ನು ಸರ್ಕಾರ ವಿಷವಸ್ತುಗಳ ಪಟ್ಟಿಯಲ್ಲಿಟ್ಟಿದೆ, ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಬಾಟಲಿಯ ಮೇಲಿರಬೇಕು ಎಂಬುದನ್ನು ಓದಿಯೂ ಪಕ್ಕಕ್ಕಿಟ್ಟೆ.

ಮೊದಲು ತರಿಸಿದ್ದು ಆನ್‌ಲೈನಿನಲ್ಲಿ ಸಿಗುವ, ಮೇಲೆ ಗಾಂಜಾ ಎಲೆಯ ಚಿತ್ರವಿದ್ದ ಚೆಂದದ ಬಾಟಲಿ. ಅದು ಬೀಜದಿಂದ ತೆಗೆದ ಎಣ್ಣೆ. 2021ರಿಂದ ಆಹಾರವೆಂದು ಮಾರಲು ಅನುಮತಿ ಇರುವ ಪದಾರ್ಥ. ಅದರಲ್ಲಿ ಟಿಎಚ್‌ಸಿ, ಸಿಬಿಡಿ ಎಂಬ ಗಾಂಜಾದ ಮುಖ್ಯ ರಾಸಾಯನಿಕಗಳು ಹೆಸರಿಗಷ್ಟೇ ಇರುತ್ತವೆ. ಪಲ್ಯಕ್ಕೆ ಹಾಕಬಹುದು, ನೋವಿಗೆ ಉಪಯೋಗವಿಲ್ಲ. ದುಬಾರಿ ಅಡುಗೆ ಎಣ್ಣೆಯನ್ನು ಅಣ್ಣನಿಗೆ ಔಷಧವೆಂದು ಕುಡಿಸಿದೆ. ಫಲ ಕಾಣದಿದ್ದಾಗ ನಿಲ್ಲಿಸುವ ಬದಲು, 'ಖರೇ ಎಣ್ಣಿ' ಬೇಕೆಂದು ಗಡಿಯಾಚೆಯಿಂದ ಕೈಬದಲಾಗಿ ಬಂದ ಕಪ್ಪು ಅಂಟು ತರಿಸಿದೆ. ಅದರಲ್ಲಿ ಏನಿತ್ತು, ಎಷ್ಟಿತ್ತು ಎಂದು ಹೇಳುವ ಚೀಟಿ ಇರಲಿಲ್ಲ. ಕಾನೂನಿನ ಪುಸ್ತಕ ತೆಗೆದು ನೋಡಿದೆ. 1985ರ ಮಾದಕವಸ್ತು ಕಾಯ್ದೆ ಗಿಡದ ಎಲೆ, ಬೀಜಗಳನ್ನು ಹೂವಿನ ತೆನೆ ಜೊತೆಗಿಲ್ಲದಿದ್ದರೆ ಗಾಂಜಾ ಎಂದು ಎಣಿಸುವುದಿಲ್ಲ. ಆದರೆ ಸಾಂದ್ರವಾದ ಎಣ್ಣೆಯನ್ನು ಚರಸ್ಸಿನ ಸಾಲಿಗೇ ಸೇರಿಸುತ್ತದೆ. ಅಲ್ಪ ಪ್ರಮಾಣವಿದ್ದರೂ ಒಂದು ವರ್ಷದವರೆಗೆ ಸಜೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇದನ್ನು ಓದಿದ ದಿನದಿಂದ ಆ ಡಬ್ಬಿ ಅಣ್ಣನ ಹೆಂಡತಿ, ನಮ್ಮ ವೈನಿಯ ಟ್ರಂಕಿನ ತಳ ಸೇರಿತು. ಅಕ್ಕಿಕಾಳಿನಷ್ಟು ರೊಟ್ಟಿಯ ತುಣುಕಿಗೆ ಹಚ್ಚಿ ರಾತ್ರಿ ಕೊಡುವುದು, ಯಾರಿಗೂ ಹೇಳದಿರುವುದು.

ಯಾರಿಗೂ ಅಂದರೆ ಡಾಕ್ಟರಿಗೂ. ಕೆಟ್ಟದ್ದೆಲ್ಲ ಶುರುವಾದದ್ದು ಇಲ್ಲಿ.

ಮುಂದಿನ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ ನೂರರಿಂದ ಒಂದಂಕಿಗೆ ಇಳಿದಿತ್ತು. ಮನೆಮಂದಿಯೆಲ್ಲ ಎಣ್ಣೆಗೆ ಕೈಮುಗಿದರು. ಹಾರ್ಮೋನ್ ತಡೆಯುವ ಇಂಜೆಕ್ಷನ್ ಬಿದ್ದ ಕೆಲವೇ ತಿಂಗಳಲ್ಲಿ ಬಹುಪಾಲು ರೋಗಿಗಳಲ್ಲಿ ಪಿಎಸ್‌ಎ ಹೀಗೇ ಬೀಳುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಎರಡು ಔಷಧ ಒಟ್ಟಿಗೆ ಕೊಟ್ಟಾಗ ಫಲ ಯಾವುದರದು ಎಂದು ಹೇಳಲಾಗದು. ಒಂಬತ್ತನೆಯ ತರಗತಿಯ ಮಕ್ಕಳಿಗೆ, ಒಂದು ಸಸಿಗೆ ಗೊಬ್ಬರ ಹಾಕಿ ಇನ್ನೊಂದಕ್ಕೆ ಹಾಕದೆ ಹೋಲಿಸಬೇಕು ಎಂದು ಕಲಿಸಿದವನು ನಾನು. ಅಣ್ಣನ ವಿಷಯದಲ್ಲಿ ಆ ಪಾಠ ಮರೆತೆ. ಮರೆತೆ ಎನ್ನುವುದಕ್ಕಿಂತ, ನನ್ನ ಎಣ್ಣೆ ಗೆದ್ದಿತೆಂಬ ಹೆಮ್ಮೆಗೆ ಅದನ್ನು ಬಿಟ್ಟುಕೊಟ್ಟೆ ಎನ್ನಬೇಕು.

ಆ ಹೆಮ್ಮೆಗೆ ಪುರಾವೆಯನ್ನೂ ಹುಡುಕಿಕೊಂಡೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಣ್ಣಿಗೆ ಬಿತ್ತು. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳಲ್ಲಿ ಗಾಂಜಾದ ಅಂಶಗಳು ಹಿಡಿದುಕೊಳ್ಳುವ ಗ್ರಾಹಕಗಳು ಹೆಚ್ಚಾಗಿವೆ, ಅವನ್ನು ಕೆರಳಿಸಿದರೆ ಕೋಶಗಳು ಸಾಯುತ್ತವೆ ಎಂದು ಅವರು ತೋರಿಸಿದ್ದರು. ಸುಳ್ಳೇನಲ್ಲ. ಆದರೆ ಅದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ, ಪ್ರಯೋಗಾಲಯದಲ್ಲೇ ತಯಾರಾದ ರಾಸಾಯನಿಕದಿಂದ ಮಾಡಿದ ಪ್ರಯೋಗ. ಮನುಷ್ಯರಲ್ಲಿ ಗಾಂಜಾ ಎಣ್ಣೆ ಪ್ರಾಸ್ಟೇಟ್ ಕ್ಯಾನ್ಸರನ್ನು ಕುಗ್ಗಿಸುತ್ತದೆ ಎಂದು ಸಾಬೀತು ಮಾಡಿದ ದೊಡ್ಡ ಪ್ರಯೋಗ ಇದುವರೆಗೂ ಇಲ್ಲ. ನಾನು ಮೊದಲಿನ ಅರ್ಧವನ್ನಷ್ಟೇ ಅಣ್ಣನಿಗೆ ಓದಿ ಹೇಳಿದೆ.

ಮೂರನೆಯ ಇಂಜೆಕ್ಷನ್ನಿನ ತಾರೀಕು ಬಂದಾಗ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗು ಬಂದಿತ್ತು. ಗ್ಯಾಂಗು ಹೋದರೆ ಮತ್ತೆ ಯಾವಾಗಲೋ. ಹಿಂದಿನ ಕಬ್ಬಿನ ಬಿಲ್ಲೂ ಕೈಗೆ ಬಂದಿರಲಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡಾಗಿನಿಂದ ಮೈ ಧಗ್ಗೆಂದು ಬೆವರುವುದು, ಸುಸ್ತು ಬೇರೆ. "ಎಣ್ಣಿ ಐತೆಲ್ಲ, ಒಂದ್ ಸಲ ಬಿಟ್ರ ಏನಾಕ್ಕೈತಿ?" ಎಂದ ಅಣ್ಣ. ನಾನು ಬೇಡವೆನ್ನಲಿಲ್ಲ. ಇಂಜೆಕ್ಷನ್ನಿನ ಜೊತೆಗಿರಲಿ ಎಂದು ತಂದ ಎಣ್ಣೆ ಹೀಗೆ ಇಂಜೆಕ್ಷನ್ನಿನ ಜಾಗಕ್ಕೇ ಬಂದು ಕೂತಿತು. ಇದು ನಮ್ಮ ಮನೆಯಲ್ಲಷ್ಟೇ ಆಗುವುದಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ್ಯ ಚಿಕಿತ್ಸೆಯ ಜೊತೆಗೆ ಪೂರಕ ಚಿಕಿತ್ಸೆ ತೆಗೆದುಕೊಂಡ ಕ್ಯಾನ್ಸರ್ ರೋಗಿಗಳು ಮುಂದೆ ಆಪರೇಶನ್, ಕಿಮೊ, ರೇಡಿಯೇಶನ್, ಹಾರ್ಮೋನ್ ಚಿಕಿತ್ಸೆಗಳಲ್ಲಿ ಯಾವುದಾದರೊಂದನ್ನು ಬೇಡವೆನ್ನುವುದು ಹೆಚ್ಚು ಎಂದು ಕಂಡುಬಂತು. ಅವರಲ್ಲಿ ಸಾವಿನ ಅಪಾಯ ಸುಮಾರು ಇಮ್ಮಡಿಯಿತ್ತು. ಆ ಇಮ್ಮಡಿಗೆ ಮುಖ್ಯ ಕಾರಣವಾಗಿ ಕಂಡದ್ದು ಚಿಕಿತ್ಸೆ ಬಿಟ್ಟದ್ದೇ.

ಮುಂದಿನ ಸಲ ದವಾಖಾನೆಗೆ ಹೋದಾಗ ಡಾಕ್ಟರು ಅಣ್ಣನ ಮುಖ ನೋಡಿ, "ಅಜ್ಜಾರ, ಭಾಳ ನಿದ್ದಿಗಣ್ಣಾಗ ಅದೀರಿ. ಬ್ಯಾರೆ ಏನರೆ ಔಷಧ ತಗೋತೀರೇನ್ರಿ?" ಎಂದು ಕೇಳಿದರು. ಅಣ್ಣ ನನ್ನ ಮುಖ ನೋಡಿದ. "ಏನಿಲ್ರಿ ಸರ್" ಎಂದು ನಾನೇ ಉತ್ತರ ಕೊಟ್ಟೆ. ಪೊಲೀಸರ ಭಯ ಒಂದು ಕಡೆ, ಮಾಸ್ತರನಾಗಿ ಡಾಕ್ಟರ ಕೈಲಿ ಬೈಸಿಕೊಳ್ಳುವ ನಾಚಿಕೆ ಇನ್ನೊಂದು ಕಡೆ. ಒಂದು ಇಂಜೆಕ್ಷನ್ ತಪ್ಪಿದ್ದು ಅವರಿಗೆ ಚೀಟಿಯಿಂದ ತಿಳಿಯಿತು. ಯಾಕೆ ತಪ್ಪಿತು ಎಂಬುದು ತಿಳಿಯಲಿಲ್ಲ. ತಿಳಿದಿದ್ದರೆ ಡೋಸು, ಲಿವರ್ ಪರೀಕ್ಷೆ, ಬೀಳುವ ಅಪಾಯ ಎಲ್ಲದರ ಬಗ್ಗೆಯೂ ಅವರು ಮಾತಾಡುತ್ತಿದ್ದರು. ಟಿಎಚ್‌ಸಿ ಮಂಪರು ತರುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಇಳಿಸಿ ತಲೆ ತಿರುಗಿಸುತ್ತದೆ. ಸಿಬಿಡಿ ಹೆಚ್ಚಾದರೆ ಲಿವರಿನ ಮೇಲೆ ಹೊರೆ ಬೀಳುತ್ತದೆ. ಈ ರೋಗಕ್ಕೆ ಮುಂದೆ ಕೊಡುವ ಅಬಿರಟೆರೋನ್ ಮಾತ್ರೆಗೂ ಲಿವರಿನ ಕಾಟವಿದೆ. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಔಷಧಗಳ ಬಲವನ್ನೂ ಸಿಬಿಡಿ ಏರುಪೇರು ಮಾಡಬಲ್ಲದು.

ಒಂದು ಮುಂಜಾನೆ ವೈನಿ ಫೋನು ಮಾಡಿ, "ಮಾಸ್ತರ, ಇವರ ಕಾಲು ಎಳ್ಯಾಕ ಹತ್ತ್ಯಾವು, ಹೊಸ್ತಿಲಾ ದಾಟಾಕ ಆಗವಲ್ದು" ಎಂದರು. ನಾನು ಎಣ್ಣೆ ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಅಮಲು ಇಳಿದ ಮೇಲೆ ಸರಿಹೋಗುತ್ತದೆ, ಇವತ್ತು ರಾತ್ರಿ ಕೊಡಬೇಡಿ ಎಂದೆ. ಮರುದಿನ ಕಾಲು ಜೋಮು ಹಿಡಿದಂತಾಗಿದೆ ಎಂದರು; ಇನ್ನೂ ಅಮಲೇ ಎಂದೆ. ಆಮೇಲೆ ಮೂತ್ರ ಕಟ್ಟಿತು. ಆಗ ಗಾಡಿ ಮಾಡಿಕೊಂಡು ಓಡಿದೆವು. ಬೆನ್ನೆಲುಬಿನಲ್ಲಿ ಬೆಳೆದ ಗಡ್ಡೆ ಬೆನ್ನುಹುರಿಯನ್ನು ಅಮುಕಿತ್ತು. ಎಲುಬಿಗೆ ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇದು ಎಲ್ಲ ಡಾಕ್ಟರಿಗೂ ಗೊತ್ತಿರುವ ತುರ್ತು ಸ್ಥಿತಿ. ಕಾಲಲ್ಲಿ ಶಕ್ತಿ ಇರುವಾಗಲೇ ಸ್ಟೀರಾಯ್ಡ್, ರೇಡಿಯೇಶನ್ ಅಥವಾ ಆಪರೇಶನ್ ಆದರೆ ನಡಿಗೆ ಉಳಿಯುವ ಸಂಭವ ಹೆಚ್ಚು. ಶಕ್ತಿ ಪೂರ್ತಿ ಹೋದ ಮೇಲೆ ಬಂದರೆ ಮರಳುವುದು ಅಪರೂಪ. ಅಣ್ಣ ಮತ್ತೆ ನಡೆಯಲಿಲ್ಲ. ಮನೆಯಲ್ಲಿ ಎಣ್ಣೆ ಇರದಿದ್ದರೆ ಕಾಲು ಎಳೆದ ಮೊದಲ ದಿನವೇ ನಾವು ಹೆದರಿ ಓಡುತ್ತಿದ್ದೆವು. ಹೆದರಬೇಕಾದ ಹೊತ್ತಿಗೆ ಎಣ್ಣೆ ನನ್ನ ಕೈಗೊಂದು ಸುಲಭ ಸಮಾಧಾನ ಕೊಟ್ಟಿತ್ತು.

ಅಲ್ಲಿ ಎಲ್ಲವನ್ನೂ ಬಾಯಿಬಿಟ್ಟೆ. ಡಾಕ್ಟರು ಬೈಯಲೂ ಇಲ್ಲ, ಪೊಲೀಸರನ್ನು ಕರೆಯಲೂ ಇಲ್ಲ. ಡಬ್ಬಿ ನಿಲ್ಲಿಸಿ ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಯಾವ ನೋವಿಗೆಂದು ಕದ್ದುಮುಚ್ಚಿ ಎಣ್ಣೆ ತರಿಸುತ್ತಿದ್ದೆನೋ ಆ ನೋವಿಗೆ ಕಡಿಮೆ ಬೆಲೆಯ, ಅಳತೆ ಗೊತ್ತಿರುವ, ಕಾನೂನು ಒಪ್ಪಿದ ಔಷಧ ಮೊದಲಿನಿಂದಲೂ ಇತ್ತು. ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸುಲಭವಾಗಿ ಸಿಗಲೆಂದು 2014ರಲ್ಲಿ ಅದೇ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಕಾಯ್ದೆಯಲ್ಲಿ ಶಿಕ್ಷೆಯ ಕಲಮು ಹುಡುಕಿದ ನಾನು ಈ ತಿದ್ದುಪಡಿಯವರೆಗೆ ಓದಿರಲಿಲ್ಲ. ಉಳಿದ ತಿಂಗಳುಗಳಲ್ಲಿ ಅಣ್ಣ ನೋವಿಲ್ಲದೆ ಮಲಗಿದ, ಮೊಮ್ಮಕ್ಕಳೊಡನೆ ಮಾತಾಡಿದ, ಒಮ್ಮೆಯೂ ನನ್ನನ್ನು ದೂರಲಿಲ್ಲ.

ಗಾಂಜಾದಲ್ಲಿ ಔಷಧವೇ ಇಲ್ಲ ಎಂದು ಹೇಳುವ ಹಟ ನನಗಿಲ್ಲ. ಟಿಎಚ್‌ಸಿಯನ್ನೇ ಕೃತಕವಾಗಿ ತಯಾರಿಸಿದ ಡ್ರೊನಬಿನಾಲ್ ಮಾತ್ರೆಗೆ, ಕಿಮೊದಿಂದ ಬರುವ ವಾಂತಿ ತಡೆಯಲು ಅಮೆರಿಕ 1985ರಲ್ಲೇ ಒಪ್ಪಿಗೆ ಕೊಟ್ಟಿತು. ಅಲ್ಲಿಯ ಕ್ಯಾನ್ಸರ್ ತಜ್ಞರ ಸಂಘ 2024ರಲ್ಲಿ ಕೊಟ್ಟ ಮಾರ್ಗಸೂಚಿಯೂ ಬೇರೆ ಔಷಧಕ್ಕೆ ಬಗ್ಗದ ವಾಂತಿಗೆ ಇಂಥವನ್ನು ಸೇರಿಸಬಹುದು ಎನ್ನುತ್ತದೆ. ಕ್ಯಾನ್ಸರನ್ನೇ ಗುಣಪಡಿಸಲೆಂದು ಮಾತ್ರ, ಸಂಶೋಧನೆಯ ಪ್ರಯೋಗದ ಹೊರಗೆ, ಬಳಸಬೇಡಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. 'ಎಣ್ಣೆ ಕುಡಿದೇ ಬದುಕಿದ' ಎಂಬ ಕಥೆಗಳು ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಸುಲಭವಾಗಿ ಹುಟ್ಟುವುದಕ್ಕೂ ಕಾರಣವಿದೆ. ಗ್ರಂಥಿಯೊಳಗೇ ಉಳಿದ ರೋಗ ಎಷ್ಟೋ ಜನರಲ್ಲಿ ಬಹಳ ನಿಧಾನ. ಏನೂ ಮಾಡದಿದ್ದರೂ ಹತ್ತಾರು ವರ್ಷ ಬದುಕುವವರಿದ್ದಾರೆ. ಆ ವರ್ಷಗಳನ್ನೆಲ್ಲ ಎಣ್ಣೆಯ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಈಗಲೂ ಜನ ರಿಪೋರ್ಟು ಹಿಡಿದು ಬರುತ್ತಾರೆ. ನಾನು ಹೇಳುವುದು ನಾಲ್ಕು ಮಾತು. ಐವತ್ತು ದಾಟಿದವರಿಗೆ ಮೂತ್ರದ ತೊಂದರೆ, ಬಿಡದ ಸೊಂಟನೋವು ಇದ್ದರೆ ವಯಸ್ಸಿನ ಮೇಲೆ ಹಾಕದೆ ತೋರಿಸಿ. ಬೀಜ ತೆಗೆಸುವ ಮಾತು ಬಂದರೆ ಮರ್ಯಾದೆಯ ಪ್ರಶ್ನೆ ಮಾಡದೆ ಕೂತು ಯೋಚಿಸಿ, ಇಂಜೆಕ್ಷನ್ ಆರಿಸಿಕೊಂಡರೆ ಒಂದೂ ತಪ್ಪಿಸಬೇಡಿ. ಕ್ಯಾನ್ಸರಿನವರಿಗೆ ಕಾಲಲ್ಲಿ ಹೊಸದಾಗಿ ಸೋಲು, ಜೋಮು ಕಂಡರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೊರಡಿ, ನಾಳೆ ಎನ್ನಬೇಡಿ. ಕಡೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಗಾಂಜಾ ಎಣ್ಣೆಯೇ ಇರಲಿ, ನಾಟಿ ಔಷಧವೇ ಇರಲಿ, ಸ್ವಾಮಿಗಳು ಕೊಟ್ಟ ಭಸ್ಮವೇ ಇರಲಿ, ಮನೆಯಲ್ಲಿ ರೋಗಿಯ ಬಾಯಿಗೆ ಹೋಗುವುದೆಲ್ಲ ಡಾಕ್ಟರಿಗೆ ಗೊತ್ತಿರಬೇಕು. ಡಾಕ್ಟರಿಗೆ ಹೇಳಲಾಗದ ಔಷಧವನ್ನು ನಿಮ್ಮವರಿಗೆ ಕೊಡಬೇಡಿ.