ಅವ್ವನ ಉಸಿರು

ನೇಸರಿಯ ನಮ್ಮ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹತ್ತನೆಯ ತರಗತಿಯಲ್ಲಿ ಜೀವಕೋಶವನ್ನು ನಾನು ‘ಪೇಶಿ’ ಎಂದೂ ಮೈಟೋಕಾಂಡ್ರಿಯವನ್ನು ‘ತಂತುಕಣಿಕಾ’ ಎಂದೂ ಕಲಿತೆ. ಪೇಶಿಯ ‘ಶ್ವಸನ’ವನ್ನು ಕುರಿತು ತಡವರಿಸದೆ ಪುಟ ತುಂಬಿಸಬಲ್ಲವಳಾಗಿದ್ದೆ. ಅದೇ ಚಳಿಗಾಲದಲ್ಲಿ ಅವ್ವ ಕಬ್ಬಿನ ಕಟಾವಿಗೆ ಹೋದವಳು ನಡುಮಧ್ಯಾಹ್ನಕ್ಕೇ ಮರಳಿ ಹೊಸ್ತಿಲಲ್ಲಿ ಕುಳಿತುಬಿಡುತ್ತಿದ್ದಳು. “ಏನ್ ಮಾಡ್ಲೆವ್ವಾ, ಉಸುರೇ ಸಾಲೂದಿಲ್ಲ” ಎನ್ನುತ್ತಿದ್ದಳು. ಊರಲ್ಲಿ ಗಾಳಿಗೇನೂ ಬರವಿರಲಿಲ್ಲ. ಕೆಲಸ ತಪ್ಪಿಸುವ ನೆಪವೆಂದು ಓಣಿಯವರು ಆಡಿಕೊಂಡರು. ನಾನೂ ಒಮ್ಮೆ ಹಾಗೆಂದೆ, ಅವಳೆದುರಿಗೇ.

ರಕ್ತಪರೀಕ್ಷೆಯಾದದ್ದು ಎಷ್ಟೋ ತಿಂಗಳ ಮೇಲೆ. ಕನಿಷ್ಠ 12 ಇರಬೇಕಾದ ಹಿಮೋಗ್ಲೋಬಿನ್ 7 ಇತ್ತು.

ಕನ್ನಡ ಐಚ್ಛಿಕಕ್ಕೆ ಬಂದ ಮೇಲೆ ಕನ್ನಡದ ವಿಜ್ಞಾನ ಪುಸ್ತಕವೊಂದರಲ್ಲಿ ಅದೇ ಪಾಠ ಕಣ್ಣಿಗೆ ಬಿತ್ತು: ‘ಜೀವಕೋಶದ ಉಸಿರಾಟ’. ಅವ್ವನ ಪದ! ಓದುತ್ತ ಕುಳಿತೆ. ಉಂಡ ಅನ್ನದ ಗ್ಲೂಕೋಸ್ ಮೊದಲು ಜೀವಕೋಶದ ದ್ರವದಲ್ಲಿ ಎರಡಾಗಿ ಸೀಳುತ್ತದೆ. ಅದಕ್ಕೆ ಆಮ್ಲಜನಕ ಬೇಡ. ಗಳಿಕೆಯೂ ಅಷ್ಟಕ್ಕಷ್ಟೆ, ಎಟಿಪಿ ಎಂಬ ಶಕ್ತಿಯ ನಾಣ್ಯಗಳು ಕೇವಲ 2. ಆ ತುಣುಕುಗಳು ಮೈಟೋಕಾಂಡ್ರಿಯವನ್ನು ಹೊಕ್ಕ ಮೇಲೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅವುಗಳಿಂದ ಕಿತ್ತ ಎಲೆಕ್ಟ್ರಾನುಗಳು ಮೆಟ್ಟಿಲಿಳಿದಂತೆ ಸಾಗಿ, ಕಟ್ಟಕಡೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಗಾಣದ ಒಲೆಯಲ್ಲಿ ಕಬ್ಬಿನ ಸಿಪ್ಪೆ ಒಮ್ಮೆಗೇ ಭುಗಿಲೆನ್ನುತ್ತದೆ. ಇಲ್ಲಿಯ ಉರಿ ಕಂತುಕಂತಾಗಿ ಬಿಡುಗಡೆಯಾಗುತ್ತ ಒಟ್ಟು ಸುಮಾರು 30 ನಾಣ್ಯಗಳನ್ನು ಗಳಿಸುತ್ತದೆ. ಕೊನೆಯ ಮೆಟ್ಟಿಲಲ್ಲಿ ಆಮ್ಲಜನಕ ಕಾದಿರದಿದ್ದರೆ ಮೇಲಿನ ಸಾಲೆಲ್ಲ ನಿಂತುಬಿಡುತ್ತದೆ. ಅದರ ಕೊರತೆ ಹೆಚ್ಚಿದಷ್ಟೂ ದುಡಿಯುವ ಸ್ನಾಯು ಆ 2ರ ಬಡ ಗಳಿಕೆಯನ್ನೇ ನೆಚ್ಚಬೇಕು.

ಅಲ್ಲಿಯವರೆಗೆ ಆಮ್ಲಜನಕವನ್ನು ಹಿಡಿದೊಯ್ಯುವುದು ಹಿಮೋಗ್ಲೋಬಿನ್ನಿನ ಕಬ್ಬಿಣ. ಅದನ್ನು ಹೊರುವ ಕೆಂಪು ರಕ್ತಕಣದಲ್ಲಿ ಮಾತ್ರ ಮೈಟೋಕಾಂಡ್ರಿಯವೇ ಇಲ್ಲ; ಹೊತ್ತ ಸರಕಿನಲ್ಲಿ ತಾನು ಏನನ್ನೂ ಬಳಸದು. (ಎಲ್ಲರಿಗೂ ಬಡಿಸಿ, ಪಲ್ಲೆ ಮುಗಿದ ಮೇಲೆ ಉಣ್ಣಲು ಕೂರುವ ಅವ್ವ ಇಲ್ಲಿ ನೆನಪಾದಳು.)

ಅವಳ ಎದೆಗೆ ಗಾಳಿ ಸಾಲುತ್ತಿತ್ತು, ಜೀವಕೋಶಕ್ಕೆ ಸಾಲುತ್ತಿರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ‘ಶ್ವಸನ’ವನ್ನು ಪರೀಕ್ಷೆಗೆ, ‘ಉಸುರ’ನ್ನು ಮನೆಗೆ ಎಂದು ಹಂಚಿಟ್ಟವಳು ನಾನು, ಅದರಲ್ಲಿ ಮರಾಠಿಯ ತಪ್ಪೇನೂ ಇಲ್ಲ.

ಕಬ್ಬಿಣದ ಗುಳಿಗೆ ಹೊಟ್ಟೆ ಕೆಡಿಸುತ್ತದೆಂದು ಗೊಣಗುತ್ತಲೇ ಅವ್ವ ನುಂಗಿದಳು. ಮರುವರ್ಷದ ಕಟಾವಿನಲ್ಲಿ ಸಂಜೆಯವರೆಗೂ ನಿಂತಳು. ನಾನಂದ ಮಾತನ್ನು ಅವಳು ಎಂದೂ ಎತ್ತಲಿಲ್ಲ. ನಾನೂ ಇನ್ನೂ ಎತ್ತಿಲ್ಲ.