ಯಂತ್ರಕ್ಕೊಂದು ಕರಪತ್ರ

ಮುಂಬಯಿಯ ಯಕ್ಷಗಾನ ಕರಪತ್ರಗಳನ್ನು ಕಂಡವರಿಗೆ ಅವುಗಳ ರೂಢಿ ಗೊತ್ತು. ದಪ್ಪಕ್ಷರದಲ್ಲಿ ಪ್ರಸಂಗದ ಹೆಸರು, ಕೆಳಗೆ ಭಾಗವತರು, ಚೆಂಡೆ, ಮದ್ದಳೆ, ಮುಮ್ಮೇಳದ ಕಲಾವಿದರ ಸಾಲು. ಕೆಲವದರಲ್ಲಿ ಇವೆಲ್ಲಕ್ಕೂ ಮೇಲೆ ‘ಸಹಾಯಾರ್ಥ’ ಎಂಬ ಪದವಿರುತ್ತದೆ. ಅದನ್ನು ಓದಿದವರಿಗೆ ಬೇರೆ ವಿವರಣೆ ಬೇಡ: ಹೆಚ್ಚು ಹಣ ಕೊಟ್ಟರೆ ಚಿಲ್ಲರೆ ಕೇಳಬಾರದು, ಆಟಕ್ಕೆ ಬರಲಾಗದಿದ್ದರೂ ಟಿಕೆಟ್ ಕೊಳ್ಳಬಹುದು.

ನಮ್ಮ ಸಂಘದ ಸಹಾಯಾರ್ಥ ಆಟಕ್ಕೆ ಜಾಲಪುಟ ಸಿದ್ಧಪಡಿಸುವಾಗ ಇದೇ ಸಂಗತಿಯನ್ನು ಹುಡುಕುಯಂತ್ರಕ್ಕೆ ತಿಳಿಸುವುದು ಹೇಗೆಂಬ ಪ್ರಶ್ನೆ ನಮ್ಮೆದುರಿಗೆ ಬಂತು. ಇದು ದಿನಾಂಕ, ಇದು ಸ್ಥಳ, ಇದು ದರ ಎಂದು ಯಂತ್ರಕ್ಕೆ ಚೀಟಿ ಅಂಟಿಸಿಯೇ ಕೊಡಬೇಕು. ಅದಕ್ಕೆಂದೇ ಗೂಗಲ್, ಬಿಂಗ್, ಯಾಹೂ ಕೂಡಿ 2011ರಲ್ಲಿ ಸ್ಕೀಮಾ ಡಾಟ್ ಆರ್ಗ್ ಎಂಬ ಸಮಾನ ಪದಕೋಶವನ್ನು ಹೊರತಂದವು. ಬರೆಯುವ ವಿಧಾನಕ್ಕೆ ಜೇಸನ್-ಎಲ್‌ಡಿ ಸಾಕೆಂದು ಬೇಗ ನಿಶ್ಚಯವಾಯಿತು. ಅದು ಪುಟದ ವಿನ್ಯಾಸದೊಂದಿಗೆ ಬೆರೆಯದೆ ಪ್ರತ್ಯೇಕವಾಗಿ ಉಳಿಯುತ್ತದೆ. ತೊಡಕಿದ್ದುದು ಪದಗಳಲ್ಲಿ.

ಕೋಶದಲ್ಲಿ ಸಂಗೀತ, ನೃತ್ಯ, ರಂಗಪ್ರದರ್ಶನಗಳಿಗೆ ಬೇರೆ ಬೇರೆ ಬಗೆಗಳಿವೆ. ಮೂರೂ ಆಗಿರುವ ಯಕ್ಷಗಾನವನ್ನು ನಾವು ‘ಥಿಯೇಟರ್ ಇವೆಂಟ್’ ಎಂದೆವು. ಅರ್ಥಗಾರಿಕೆಯ ಅಭಿಮಾನಿಗಳಾದ ನಮಗೆ ಮಾತೇ ಮುಖ್ಯ. ‘ಸಹಾಯಾರ್ಥ’ಕ್ಕೆ ಮಾತ್ರ ಬಗೆಯೇ ಇಲ್ಲ. ಕಾರ್ಯಕ್ರಮ ಒಂದು ಕಡೆ, ‘ಡೊನೇಟ್ ಆ್ಯಕ್ಷನ್’ ಎಂಬ ದಾನಕ್ರಿಯೆ ಇನ್ನೊಂದು ಕಡೆ. ಎರಡನ್ನೂ ಒಂದು ಕೊಂಡಿಯಿಂದ ಜೋಡಿಸಬಹುದು, ಅಷ್ಟೆ. ಗೂಗಲ್ ತನ್ನ ಫಲಿತಾಂಶಗಳಲ್ಲಿ ಕಾರ್ಯಕ್ರಮಕ್ಕೆ ಕೊಡುವ ವಿಶೇಷ ಜಾಗವನ್ನು ದಾನದ ಚೀಟಿಗೆ ಕೊಡುವುದಿಲ್ಲ. ಆದರೂ ಜೋಡಿಸಿದೆವು. ಟಿಕೆಟ್ ದರ ಒಂದೆಡೆ, ಸ್ವಇಚ್ಛೆಯ ದೇಣಿಗೆ ಇನ್ನೊಂದೆಡೆ ನಿಂತರೆ ಕೊಡುವವರಿಗೂ ಲೆಕ್ಕ ಸ್ಪಷ್ಟ.

ದಾನ ಯಾರಿಗೆ ಸಲ್ಲಬೇಕೆಂದು ಹೇಳಲು ‘ರೆಸಿಪಿಯಂಟ್’ ಎಂಬ ಅಂಕಣವಿದೆ. ಅಲ್ಲಿ ಸಂಸ್ಥೆಯ ಹೆಸರನ್ನೂ ಬರೆಯಬಹುದು, ವ್ಯಕ್ತಿಯ ಹೆಸರನ್ನೂ ಬರೆಯಬಹುದು. ನಮ್ಮ ನೆರವು ಸಲ್ಲಬೇಕಿದ್ದುದು ಒಬ್ಬ ಬಾಲಕಿಯ ಚಿಕಿತ್ಸೆಗೆ. ಹೆಸರು, ಭಾವಚಿತ್ರ ಹಾಕಿದರೆ ಹಣ ಬೇಗ ಕೂಡುತ್ತದೆಂದು ಕೆಲವರು ವಾದಿಸಿದರು. ಅದು ಸುಳ್ಳೇನೂ ಅಲ್ಲ. ಆಸ್ಪತ್ರೆಯ ಬಿಲ್ಲು ಕಾಯುವುದೂ ಇಲ್ಲ. ಆದರೆ ಗೋಡೆಗೆ ಅಂಟಿಸಿದ ಭಿತ್ತಿಪತ್ರ ಒಂದು ಮಳೆಗಾಲಕ್ಕೆ ಕರಗುತ್ತದೆ. ಯಂತ್ರ ಓದಲೆಂದೇ ಬರೆದ ಹೆಸರು ಮತ್ತು ಕಾಯಿಲೆ ಜೊತೆಜೊತೆಯಾಗಿ ನಕಲಾಗುತ್ತವೆ, ಮೂಲಪುಟ ಅಳಿಸಿದ ಮೇಲೂ ಎಲ್ಲೋ ಉಳಿಯುತ್ತವೆ. ಮುಂದೆ ಅವಳು ಕೆಲಸಕ್ಕೆ ಅರ್ಜಿ ಹಾಕಿದಾಗ, ಮನೆಯಲ್ಲಿ ಮದುವೆಯ ಮಾತು ಬಂದಾಗ, ಹುಡುಕಿದವರಿಗೆ ಮೊದಲು ಸಿಗುವುದು ಆ ಕಾಯಿಲೆಯೇ ಆಗಬಹುದು.

ಅಂಕಣದಲ್ಲಿ ಸಂಘದ ಹೆಸರನ್ನೇ ಬರೆದೆವು, ಪುಟದಲ್ಲೂ ಬಾಲಕಿಯ ಹೆಸರು ಹಾಕಲಿಲ್ಲ. ಓದುಗರಿಗೆ ಕಾಣದ್ದನ್ನು ಯಂತ್ರಕ್ಕೆ ಮಾತ್ರ ಹೇಳಕೂಡದೆಂಬುದು ಗೂಗಲ್‌ನ ನಿಯಮವೂ ಹೌದು. ಹಣ ಸಾಲದಿದ್ದರೆ ಮನೆಮನೆಗೆ ಹೋಗಿ ಕೇಳೋಣ, ಅಲ್ಲಿ ತಿಳಿಯಬೇಕಾದವರಿಗಷ್ಟೇ ಹೇಳಿದರಾಯಿತು ಎಂದು ಹಿರಿಯರೊಬ್ಬರು ಚರ್ಚೆ ಮುಗಿಸಿದರು.

ಉಳಿದದ್ದು ಸಣ್ಣ ಕೆಲಸ. ಆರಂಭದ ವೇಳೆಗೆ +05:30 ಸೇರಿಸಿದೆವು. ಮಳೆಗೆ ಲೋಕಲ್ ರೈಲು ನಿಂತು ಆಟ ಮುಂದೆ ಹೋದರೆ ಸ್ಥಿತಿಯ ಅಂಕಣದಲ್ಲಿ ‘ಇವೆಂಟ್ ಪೋಸ್ಟ್‌ಪೋನ್ಡ್’ ಎಂದು ಬದಲಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿದೆವು. ಭಾಷೆಯ ಅಂಕಣಕ್ಕೆ ಬಂದಾಗ ಪ್ರಸಂಗ ಕನ್ನಡದ್ದಾದರೂ ಹಾಸ್ಯಗಾರರು ತುಳುವಿಗೆ ಜಾರುವುದು ಖಚಿತವೆಂದು ಎಲ್ಲರೂ ನಕ್ಕರು. ಕನ್ನಡದ ‘ಕೆಎನ್’ ಪಕ್ಕದಲ್ಲಿ ತುಳುವಿನ ‘ಟಿಸಿವೈ’ಯನ್ನೂ ಬರೆದೆವು.